‘ಯಾರೂ ಇಲ್ಲ’ ಎಂದು ಬರೆಯದ ತಪ್ಪಿಗೆ

ವೀಸಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ಹುಷಾರಿಲ್ಲದ ತಮ್ಮನನ್ನು ನೋಡಲು ಹಡಗಿನಲ್ಲಿ ನಿಮ್ಮ ದೇಶದ ಬಂದರಿನವರೆಗೆ ಬಂದಿದ್ದಳು. ನೀವು ಅವಳನ್ನು ಇಳಿಯಗೊಡಲಿಲ್ಲ. ಅವನು ಬೇಲಿಯ ಆಚೆ ಉಳಿದ, ಇವಳು ಹಡಗಿನ ಮೇಲೆ ಉಳಿದಳು. ಈಗ ಅವನಿಲ್ಲ. ವಿಷಯ ಇಷ್ಟೇ. ಕಡತದ ಮೇಲೆ ಬರೆದುಕೊಳ್ಳಲು ನಿಮ್ಮ ಗುಮಾಸ್ತರಿಗೆ ಇಷ್ಟು ಸಾಕು. ಮುಂದಿನದನ್ನು ಓದುವಷ್ಟು ಪುರುಸೊತ್ತಿದ್ದರೆ ಓದಿ, ಇಲ್ಲದಿದ್ದರೆ ಊರಿನವರು ಓದಲಿ ಎಂದೇ ಪತ್ರಿಕೆಗೆ ಕೊಟ್ಟಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸಿದ ಹಿಂದಿನ ಪತ್ರಗಳಿಗೆಲ್ಲ ತಮ್ಮಿಂದ ಬಂದದ್ದು ಒಂದೇ ಉತ್ತರ: ‘ನಿಮ್ಮ ಸಹನೆಗೆ ಧನ್ಯವಾದಗಳು.’ ನಮಗೆ ಸಹನೆ ಇದೆ ಎಂದು ನಿಮಗೆ ಹೇಳಿದವರು ಯಾರು?

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಗುರುತು ಹೇಳದವರನ್ನು ನೀವು ನಂಬುವುದಿಲ್ಲ. ಹೇಳಿದವರನ್ನೂ ನಂಬುವುದಿಲ್ಲ, ಆ ಮಾತು ಆಮೇಲೆ. ನಾನು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಆದ್ದರಿಂದ ನಿಯಮ ಎಂದರೇನು ಎಂದು ನನಗೆ ಪಾಠ ಮಾಡುವುದು ಬೇಡ. ಬಾಗಿಲಲ್ಲಿ ನಿಂತು ಜನರನ್ನು ಹತ್ತಿಸುವುದು, ಇಳಿಸುವುದು, ಕೈಚಾಚಿ ಟಿಕೆಟ್ ಕೇಳುವುದು, ಇದೇ ನನ್ನ ಜೀವಮಾನದ ಉದ್ಯೋಗ. ಟಿಕೆಟ್ ಇಲ್ಲದವರನ್ನು ಬೈದು ಕೆಳಗಿಳಿಸಿದ್ದೇನೆ, ಪಾಸಿನ ಮೇಲಿನ ಫೋಟೋಗೂ ಮುಖಕ್ಕೂ ತಾಳೆಯಾಗದವರ ಜೊತೆ ಜಗಳವಾಡಿದ್ದೇನೆ. ಆದರೆ ಟಿಕೆಟ್ ಇದ್ದವರನ್ನು ಅವರು ಇಳಿಯಬೇಕಾದ ಜಾಗದಲ್ಲಿ ಇಳಿಯಗೊಡದೆ ಬಾಗಿಲಿಗೆ ಅಡ್ಡ ನಿಂತದ್ದಿಲ್ಲ. ಹಾಗೂ ಮಾಡಬಹುದು ಎಂದು ನಿಮ್ಮಿಂದ ಕಲಿತೆ.

ನನ್ನ ಹೆಂಡತಿ ಹೊಲಿಗೆ ಕೆಲಸದವಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಅವಳ ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ, ಇವಳು ಶಾಲೆಯಲ್ಲಿದ್ದಳು. ತಂದೆ ಇದ್ದೂ ಇಲ್ಲದಂಥ ಮನುಷ್ಯ. ಶಾಲೆ ಅಲ್ಲಿಗೆ ನಿಂತಿತು, ತಾಯಿಯ ಹೊಲಿಗೆ ಯಂತ್ರ ಇವಳ ಪಾಲಿಗೆ ಬಂತು. ಒಂದು ಕಾಲಲ್ಲಿ ಯಂತ್ರ ತುಳಿಯುತ್ತ, ಇನ್ನೊಂದು ಕಾಲಿನ ಹೆಬ್ಬೆರಳಿಗೆ ತೊಟ್ಟಿಲಿನ ಹಗ್ಗ ಕಟ್ಟಿಕೊಂಡು ತೂಗುತ್ತ ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಯಂತ್ರದ ಸದ್ದು ನಿಂತರೆ ಅವನು ಎದ್ದು ಅಳುತ್ತಿದ್ದನಂತೆ. ಹಾಗಾಗಿ ಹೊಲಿಯಲು ಬಟ್ಟೆ ಇಲ್ಲದ ದಿನವೂ ಸುಮ್ಮನೆ ಯಂತ್ರ ತುಳಿಯುತ್ತಿದ್ದೆ ಎಂದು ನಗುತ್ತ ಹೇಳುತ್ತಿದ್ದಳು. ನಮ್ಮ ಮದುವೆಯ ಮಾತು ನಡೆದಾಗ ಅವಳ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ಒಂದ್ ವಿಷ್ಯ ಹೇಳ್ಬಿಡ್ತೀನಿ, ಆಮೇಲೆ ಮಾತು ಬರಬಾರದು. ಹುಡುಗಿ ಜೊತೆ ಹುಡುಗನೂ ಬರ್ತಾನೆ," ಎಂದರು. ಆಗ ಅವನು ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದ. ನಾನು, "ಅರ್ಧ ಟಿಕೆಟ್ ತಾನೆ, ಬರಲಿ ಬಿಡಿ," ಎಂದೆ. ಒಳಗಿಂದ ಇವಳು ನಕ್ಕ ಸದ್ದು ಕೇಳಿಸಿತು.

ಜನರ ಮುಂದೆ ಅವನು ಇವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಹೊಟ್ಟೆ ನೋವು ಬಂದರೆ, ಜ್ವರ ಬಂದರೆ ಮಾತ್ರ ಅಮ್ಮ. "ಏನೋ, ಇವತ್ತು ಅಮ್ಮ ಆಗಿಬಿಟ್ಳಲ್ಲ, ಪರೀಕ್ಷೆಗೆ ಓದಿಲ್ವಾ?" ಎಂದು ನಾನು ರೇಗಿಸುತ್ತಿದ್ದೆ. ಇವಳು ಅವನನ್ನು ಕರೆಯುತ್ತಿದ್ದದ್ದು ಮರಿ ಎಂದು. ಮೀಸೆ ಬಂದ ಮೇಲೂ ಮರಿ, ವೆಲ್ಡಿಂಗ್ ಕಲಿತು ಹಡಗುಕಟ್ಟೆಯ ಕೆಲಸಕ್ಕೆಂದು ನಿಮ್ಮ ದೇಶಕ್ಕೆ ಹೊರಟಾಗಲೂ ಮರಿ. ನಮಗೆ ಬೇರೆ ಮಕ್ಕಳಾಗಲಿಲ್ಲ. ಬೇಕಿತ್ತು ಎಂದು ಇವಳು ಅಂದದ್ದನ್ನು ನಾನು ಕೇಳಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಸಂಬಂಧ ಎಂಬ ಶಬ್ದವನ್ನು ನೀವು ಅಚ್ಚುಹಾಕಿಸಿ ಅದರ ಮುಂದೆ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದೀರಿ. ಅಷ್ಟರಲ್ಲಿ ಇದು ಹಿಡಿಸುವುದಿಲ್ಲ.

ನಿಮ್ಮ ಹಡಗುಗಳನ್ನು ಬೆಸೆಯುತ್ತ ಅವನು ಅಲ್ಲೇ ನೆಲೆಯಾದ. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದವನು ಆಮೇಲೆ ಬರುವುದು ನಿಲ್ಲಿಸಿದ. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಅಲ್ಲಿನ ಕಾರ್ಮಿಕರ ಆಸ್ಪತ್ರೆಯಲ್ಲಿ ವಾರದಲ್ಲಿ ಮೂರು ಸಲ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು, ದೂರ ಪ್ರಯಾಣ ಮಾಡುವಂತಿಲ್ಲ ಎಂದರು ವೈದ್ಯರು. ಅವನು ಬರಲಾರ, ಸರಿ, ಇವಳು ಹೋಗಬೇಕು. ಇವಳು ಹಿಂದೊಮ್ಮೆ ಶ್ವಾಸಕೋಶ ಇದ್ದಕ್ಕಿದ್ದಂತೆ ಕುಸಿದು ಆಸ್ಪತ್ರೆ ಸೇರಿದ್ದಳು, ಜನ್ಮದಲ್ಲಿ ವಿಮಾನದ ಮೆಟ್ಟಿಲು ಹತ್ತಬೇಡಿ ಎಂದು ಇಲ್ಲಿನ ವೈದ್ಯರು ಎಚ್ಚರಿಸಿದ್ದರು. ಉಳಿದದ್ದು ನೀರು. ನಿಮ್ಮ ಬಂದರಿಗೆ ಜನರನ್ನು ಸಾಗಿಸುವ ಬೇರೆ ಹಡಗೇ ಇಲ್ಲ, ಇದ್ದದ್ದು ವಿಹಾರದ ಹಡಗು ಒಂದೇ. ಈಜುಕೊಳ, ನಾಟ್ಯದ ಕೋಣೆ, ಹೊತ್ತುಹೊತ್ತಿಗೆ ಊಟದ ಗಂಟೆ ಇರುವಂಥದ್ದು. ಅದು ನಿಮ್ಮ ಬಂದರಿನಲ್ಲಿ ಬೆಳಿಗ್ಗೆ ನಿಂತು ಸಂಜೆ ಹೊರಡುತ್ತದೆ. ನನ್ನ ಜೊತೆ ಕೆಲಸ ಮಾಡಿದ ಡ್ರೈವರ್, "ಏನಪ್ಪಾ, ಇಬ್ಬರೂ ಹಡಗಲ್ಲಿ ಮಜಾ ಮಾಡೋಕೆ ಹೊರಟ್ರಂತೆ," ಎಂದು ಕಾಲೆಳೆದ. ಮಜಾ ಎಂದೇ ಹೇಳಿದೆ ನಾನೂ. ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳುತ್ತ ಕೂರಲಾಗುತ್ತದೆಯೇ?

ಇನ್ನು ನಿಮ್ಮ ನಿಯಮಕ್ಕೆ ಬರುತ್ತೇನೆ. ಅದನ್ನು ಟ್ರಾವೆಲ್ಸ್ ಅಂಗಡಿಯ ಹುಡುಗಿ ನಮಗೆ ಬಿಡಿಸಿ ಹೇಳಿದಳು. ಹಡಗಿನಲ್ಲಿ ಬಂದವರಿಗೆ ವೀಸಾ ಬೇಕಿಲ್ಲ, ಹಡಗಿನವರೇ ಒಂದು ದಿನದ ಗುಂಪು ಪಾಸು ಕೊಡಿಸುತ್ತಾರೆ, ಇಳಿದು ಊರು ಸುತ್ತಿ ಬರಬಹುದು. ಷರತ್ತು ಒಂದೇ, ನಿಮ್ಮ ದೇಶದಲ್ಲಿ ಅವರ ಸಂಬಂಧಿಕರು ಯಾರೂ ಇರಬಾರದು. ಇದ್ದರೆ ಇಳಿದವರು ಅಲ್ಲೇ ಉಳಿದುಬಿಟ್ಟಾರು ಎಂಬ ಅನುಮಾನ ನಿಮಗೆ. ಆದ್ದರಿಂದ ಸಂಬಂಧಿಕರಿರುವವರು ಮೊದಲೇ ವೀಸಾ ತೆಗೆದುಕೊಳ್ಳಬೇಕು. ಮಾನ್ಯರೇ, ಈ ನಿಯಮವನ್ನು ರಚಿಸಿದ ಮಹನೀಯರಿಗೆ ನನ್ನದೊಂದು ನಮಸ್ಕಾರ. ಯಾರಿಗೆ ಆ ಊರಿನಲ್ಲಿ ಏನೂ ಕೆಲಸವಿಲ್ಲವೋ ಅವರು ಇಳಿಯಬಹುದು. ಯಾರ ಜೀವ ಆ ಊರಿನಲ್ಲಿದೆಯೋ ಅವರು ಕಾಯಬೇಕು.

ಹುಡುಗಿ ಒಳ್ಳೆಯವಳು. ದನಿ ತಗ್ಗಿಸಿ ಹೇಳಿದಳು, "ಆಂಟಿ, ಸುಮ್ನೆ ‘ಯಾರೂ ಇಲ್ಲ’ ಅಂತ ಬರೆದುಬಿಡಿ. ಯಾರೂ ಹುಡುಕೋಕೆ ಹೋಗಲ್ಲ. ಎಲ್ಲರೂ ಹಂಗೇ ಮಾಡೋದು."

ಇವಳು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. "ಇರೋನನ್ನ ಇಲ್ಲ ಅಂತ ಹೆಂಗಮ್ಮ ಬರೀಲಿ? ಅದೂ ಹುಷಾರಿಲ್ಲದವನು. ಬಿಡ್ತು ಅನ್ನು."

ಹುಡುಗಿ ನನ್ನ ಮುಖ ನೋಡಿದಳು. "ಅಂಕಲ್, ನೀವಾದ್ರೂ ಹೇಳಿ. ಬರೀ ಕಾಗದ ಅದು."

ನಾನು ಹೇಳಿದೆ. ಅಲ್ಲೂ ಹೇಳಿದೆ, ಮನೆಗೆ ಬಂದ ಮೇಲೂ ಹೇಳಿದೆ. "ಬರೆದ್ರೆ ಏನಾಗುತ್ತೆ ನಿಂಗೆ? ಬರೆದ ತಕ್ಷಣ ಅವನೇನು ಇಲ್ಲವಾಗಿಬಿಡ್ತಾನಾ?" ಎಂದು ರೇಗಿದೆ ಕೂಡ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತದೆ, "ರೀ, ನಂಗೆ ಬಾಯಲ್ಲಿ ಬರಲ್ಲ, ಕೈಯಲ್ಲೂ ಬರಲ್ಲ. ವೀಸಾನೇ ಮಾಡಿಸೋಣ. ನಾವೇನು ಕಳ್ಳರಾ?" ಎಂದಳು. ಈ ಪ್ರಶ್ನೆಗೆ ಉತ್ತರ ನಿಮ್ಮ ಕಚೇರಿಯಲ್ಲಿ ಸಿಗುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ನಿಮ್ಮ ಕಚೇರಿಯನ್ನು ನೀವು ಒಳಗಿನಿಂದ ಮಾತ್ರ ನೋಡಿರುತ್ತೀರಿ, ಹೊರಗಿನಿಂದ ಹೇಗಿದೆ ಎಂದು ಹೇಳುತ್ತೇನೆ. ನೆಲಕ್ಕೆ ಬಿಗಿದ ಕುರ್ಚಿಗಳು. ಮಾತಾಡಬೇಡಿ ಎಂಬ ಫಲಕ, ಅದರ ಕೆಳಗೆ ಜನರನ್ನು ಮಾತಾಡಿಸಲು ಕರೆಯುವ ಗಂಟೆ. ಕಿಟಕಿಗೆ ದಪ್ಪ ಗಾಜು, ಬಾಯಿಯ ಮಟ್ಟಕ್ಕೆ ನಾಲ್ಕಾರು ತೂತು. ನನ್ನ ಹೆಂಡತಿ ಕುಳ್ಳಿ, ಆ ತೂತುಗಳು ಅವಳ ಹಣೆಗೆ ಸರಿಯಾಗಿದ್ದವು. ಹಾಗಾಗಿ ಹಿಮ್ಮಡಿ ಎತ್ತಿ ನಿಂತೇ ಉತ್ತರ ಕೊಟ್ಟಳು. ಆಚೆ ನಿಮ್ಮ ಅಧಿಕಾರಿ, ಅವರ ಪಕ್ಕದಲ್ಲಿ ನಮ್ಮ ಮಾತನ್ನು ನಿಮ್ಮ ಮಾತಿಗೆ ತಿರುಗಿಸುವ ದುಭಾಷಿ.

"ಈ ವ್ಯಕ್ತಿ ನಿಮಗೆ ಏನಾಗ್ಬೇಕು?" ಎಂದು ದುಭಾಷಿ ಕೇಳಿದರು.

"ತಮ್ಮ."

ಅಧಿಕಾರಿ ಒಂದು ಕಾಗದ ಎತ್ತಿ ತೋರಿಸಿದರು. ಅದು ಅವನು ಅಲ್ಲಿಂದ ಕಳಿಸಿದ ಆಹ್ವಾನ ಪತ್ರ. ದುಭಾಷಿ ಹೇಳಿದರು, "ಇದರಲ್ಲಿ ‘ನನ್ನ ತಾಯಿ ನನ್ನನ್ನು ನೋಡಲು ಬರುತ್ತಿದ್ದಾರೆ’ ಅಂತ ಬರೆದಿದ್ದಾರೆ."

ಇವಳು ನಕ್ಕುಬಿಟ್ಟಳು. ನಿಮ್ಮ ಕಚೇರಿಯಲ್ಲಿ ಆ ದಿನ ನಕ್ಕವಳು ಅವಳೊಬ್ಬಳೇ ಇರಬೇಕು. "ಅವನು ಹಂಗೇ ಸ್ವಾಮಿ. ಹುಷಾರಿಲ್ದಾಗ ಹಂಗೇ ಕರೀತಾನೆ."

"ಅಮ್ಮಾ, ಸರಿಯಾಗಿ ಹೇಳಿ. ನೀವು ತಾಯಿನಾ, ಅಕ್ಕನಾ?"

"ಹೆತ್ತಿಲ್ಲ. ಸಾಕಿದೀನಿ. ನಮ್ಮಮ್ಮ ಹೋದಾಗ ಅವನು ಇಷ್ಟೇ ಇಷ್ಟಿದ್ದ," ಎಂದು ಎರಡು ಕೈಯಲ್ಲಿ ಅಳತೆ ತೋರಿಸಿದಳು. ತೊಟ್ಟಿಲಿನದು, ಹೊಲಿಗೆಯದು, ನನ್ನದು, ಎಲ್ಲ ಹೇಳಿದಳು. ದುಭಾಷಿ ಅಧಿಕಾರಿಯ ಕಡೆ ತಿರುಗಿ ಏನೋ ಅಂದರು. ಬಹಳ ಚಿಕ್ಕದಾಗಿತ್ತು ಅದು. ಇಷ್ಟು ಹೊತ್ತು ಇವಳು ಹೇಳಿದ್ದು ಅಷ್ಟರಲ್ಲೇ ಮುಗಿದುಹೋಯಿತೇ ಎಂದು ನನಗೆ ಗಾಬರಿಯಾಯಿತು. ನಾನು ಎದ್ದು ಬಾಯಿ ಹಾಕಲು ಹೋದೆ, ಕಾವಲಿನವನು ಭುಜ ಹಿಡಿದು ಕೂರಿಸಿದ.

ವೀಸಾ ನಿರಾಕರಿಸಿದ ಕಾರಣವನ್ನು ನೀವು ಲಿಖಿತವಾಗಿ ಕೊಟ್ಟಿರಿ, ಅದಕ್ಕೆ ಕೃತಜ್ಞ. ‘ಸಂಬಂಧದ ಕುರಿತು ಪರಸ್ಪರ ವಿರುದ್ಧ ಹೇಳಿಕೆಗಳು. ಅರ್ಜಿದಾರರು ನಂಬಲರ್ಹರಲ್ಲ.’ ಸುಳ್ಳು ಬರೆದಿದ್ದರೆ ಗುಂಪಿನಲ್ಲಿ ನಗುತ್ತ ಇಳಿದುಹೋಗಬಹುದಾಗಿದ್ದವಳು, ನಿಜ ಬರೆದು ನಂಬಲರ್ಹಳಲ್ಲ ಎನ್ನಿಸಿಕೊಂಡಳು. ಮಾನ್ಯರೇ, ತಾವು ವಿದ್ಯಾವಂತರು, ಕೇಳುತ್ತೇನೆ. ಮೋಸ ಮಾಡುವವರು ಒಬ್ಬರು ತಮ್ಮ ಎಂದು, ಇನ್ನೊಬ್ಬರು ತಾಯಿ ಎಂದು ಬರೆಯುತ್ತಾರೆಯೇ? ಮೋಸಗಾರರು ಮೊದಲೇ ಕೂತು ಮಾತಾಡಿಕೊಂಡಿರುತ್ತಾರೆ. ಇಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಬರೆದದ್ದರಿಂದಲೇ ಅದು ಬೇರೆ ಬೇರೆಯಾಯಿತು ಎಂದು ಒಂದು ಕ್ಷಣವಾದರೂ ಯಾರಿಗೂ ಹೊಳೆಯಲಿಲ್ಲವೇ?

ಅವತ್ತು ಸಂಜೆ ಅವನ ಫೋನು ಬಂತು. "ಏನಾಯ್ತಕ್ಕ? ನಾನು ಬರೆದಿದ್ದು ತಪ್ಪಾಯ್ತಾ? ನಾನೇ ಹಾಳು ಮಾಡಿದ್ನಾ?" ಎಂದ. ಇವಳು, "ಇಲ್ಲ ಕಣೋ ಮರಿ, ನನ್ನ ಫೋಟೋ ಸರಿ ಇರ್ಲಿಲ್ವಂತೆ, ಕಣ್ಣು ಮುಚ್ಚಿಬಿಟ್ಟಿದೀನಿ," ಎಂದಳು. ಈ ಇಡೀ ವ್ಯವಹಾರದಲ್ಲಿ ಅವಳು ಹೇಳಿದ ಸುಳ್ಳು ಅದೊಂದೇ. ಅದನ್ನೂ ನಿಮಗೆ ಹೇಳಲಿಲ್ಲ.

ವೀಸಾ ಇಲ್ಲದವರು ಹಡಗಿನಲ್ಲೇ ಕೂತಿರಬಹುದು, ಇಳಿಯುವಂತಿಲ್ಲ ಎಂದರು ಹಡಗಿನವರು. ಭಾವನೂ ಸಂಬಂಧಿಕನೇ, ಆದ್ದರಿಂದ ನನಗೂ ಅದೇ ನಿಯಮ. ಟಿಕೆಟ್ ಹೇಗೂ ಆಗಿತ್ತು. "ದೂರದಿಂದಾದ್ರೂ ನೋಡ್ತೀನಿ, ಬನ್ರಿ," ಎಂದಳು. ಹೊರಟೆವು. ಹೊರಡುವ ಮೊದಲು ಅವನಿಗೊಂದು ಅಂಗಿ ಹೊಲಿದಳು. ಎಡತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಸೀಳಿ, ಉದ್ದಕ್ಕೂ ಗುಂಡಿ ಇಟ್ಟಿದ್ದಳು. ಆಸ್ಪತ್ರೆಯ ಯಂತ್ರದ ಸೂಜಿ ಚುಚ್ಚುವಾಗ ಅಂಗಿ ಬಿಚ್ಚಬೇಕಿಲ್ಲ, ತೋಳಿನ ಗುಂಡಿ ಬಿಚ್ಚಿದರೆ ಸಾಕು. ಅಲ್ಲಿನ ಕೋಣೆಯಲ್ಲಿ ಚಳಿಯಾಗುತ್ತದೆ ಎಂದು ಅವನು ಯಾವಾಗಲೋ ಒಮ್ಮೆ ಅಂದಿದ್ದನಂತೆ.

ಹಡಗು ಬೆಳಿಗ್ಗೆ ದಡ ಸೇರಿತು. ನಾವು ಎಲ್ಲಕ್ಕಿಂತ ಮೇಲಿನ ಅಂತಸ್ತಿನ ಕಟಕಟೆ ಹಿಡಿದು ನಿಂತೆವು. ಕೆಳಗೆ ಕಾಂಕ್ರೀಟು ಅಂಗಳ, ಅದರಾಚೆ ತಂತಿ ಬೇಲಿ, ಬೇಲಿಯಾಚೆ ಗಾಲಿಕುರ್ಚಿಯಲ್ಲಿ ಅವನು. ಕುರ್ಚಿಯ ಹಿಂದೆ ಅವನ ಕೋಣೆಯ ಜೊತೆಗಾರ, ಅವನೂ ವೆಲ್ಡರೇ. ಗುಂಪು ಪಾಸಿನವರು ಟೋಪಿ ಹಾಕಿಕೊಂಡು ಸಾಲಾಗಿ ಇಳಿದು ಅವನ ಪಕ್ಕದಲ್ಲೇ ಹಾದುಹೋದರು. ಅವರಲ್ಲಿ ನಮ್ಮ ಪಕ್ಕದ ಕ್ಯಾಬಿನ್ನಿನ ಮೇಡಂ ಒಬ್ಬರು, ಶಾಲೆಯಲ್ಲಿ ಪಾಠ ಹೇಳಿದವರು, ಅಂಗಿಯ ಪೊಟ್ಟಣವನ್ನು ತಮ್ಮ ಚೀಲದಲ್ಲಿ ಇಟ್ಟುಕೊಂಡು ಹೋಗಿ ಅವನ ಕೈಗೆ ಕೊಟ್ಟರು. ಅಂಗಿಗೆ ವೀಸಾ ಬೇಕಿರಲಿಲ್ಲ. ಅವನಿಗೆ ನೀನು ಏನಾಗಬೇಕು ಎಂದು ಅದನ್ನು ಯಾರೂ ಕೇಳಲಿಲ್ಲ. ಅವನು ಅಲ್ಲೇ ತೊಟ್ಟ ಬಟ್ಟೆಯ ಮೇಲೆಯೇ ಅದನ್ನು ಹಾಕಿಕೊಂಡು, ತೋಳಿನ ಗುಂಡಿ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ ನಮಗೆ ತೋರಿಸಿದ.

ಫೋನಿನಲ್ಲಿ ಮಾತಾಡಿದರು. ಏನು ದೊಡ್ಡ ಮಾತು ಆಡಿದರು ಎಂದು ತಿಳಿದಿರಿ?

"ತಿಂಡಿ ತಿಂದ್ಯಾ?"

"ತಿಂದೆ. ನೀನು?"

"ಎಷ್ಟು ಸೊರಗಿದೀಯೋ."

"ಅಷ್ಟು ದೂರದಿಂದ ಹೆಂಗೆ ಗೊತ್ತಾಗುತ್ತೆ ನಿಂಗೆ?"

"ಅಂಗಿ ನೋಡಿದ್ರೆ ಗೊತ್ತಾಗಲ್ವಾ? ಹಳೇ ಅಳತೆಗೆ ಹೊಲಿದಿದ್ದೆ. ನೇತಾಡ್ತಿದೆ."

ಅವನು ತೋಳಿನ ಗುಂಡಿಗಳನ್ನೆಲ್ಲ ಹಾಕಿಕೊಂಡ. ಆಮೇಲೆ, "ಭಾವಂಗೆ ಕೊಡು," ಎಂದ. ನಾನು ಫೋನು ತೆಗೆದುಕೊಂಡೆ. "ಭಾವ, ಅವಳು ಬಿಸಿಲಲ್ಲಿ ನಿಂತವಳೆ. ಒಳಗೆ ಕರ್ಕೊಂಡು ಹೋಗಿ. ನಾನು ಹೇಳಿದ್ರೆ ಕೇಳಲ್ಲ." ಅವನೂ ಬಿಸಿಲಲ್ಲೇ ಇದ್ದ.

ಬೇಲಿಯ ಹತ್ತಿರ ನಿಲ್ಲಬಾರದು ಎಂದು ಬಂದರಿನ ಕಾವಲಿನವನು ಅವರನ್ನು ಹಿಂದಕ್ಕೆ ಸರಿಸಿದ. ರಸ್ತೆಯ ಆಚೆ ಬದಿಗೆ ಹೋದರು. ಅಲ್ಲಿಂದ ಅವನ ಮುಖ ಕಾಣುತ್ತಿರಲಿಲ್ಲ, ಕೈ ಆಡಿಸುವುದು ಮಾತ್ರ ಕಾಣುತ್ತಿತ್ತು. ಮಧ್ಯಾಹ್ನ ಅವನಿಗೆ ಕೂರಲಾಗದೆ ಹೋದಾಗ ಜೊತೆಗಾರ ಕರೆದುಕೊಂಡು ಹೋದ. ಇವಳು ಸಂಜೆಯವರೆಗೂ ಕಟಕಟೆ ಬಿಡಲಿಲ್ಲ. ಊರು ಸುತ್ತಿ ವಾಪಸು ಬಂದ ಒಬ್ಬರು, ಪಾಪ, ಸಮಾಧಾನ ಮಾಡಲೆಂದೇ ಹೇಳಿದರು, "ನೀವು ಇಳೀದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಿ. ಈ ಊರಲ್ಲಿ ನೋಡೋಕೆ ಏನೂ ಇಲ್ಲ."

ಆ ಮಳೆಗಾಲ ಮುಗಿಯುವ ಮೊದಲೇ ಜೊತೆಗಾರನ ಫೋನು ಬಂತು. ಅವನಿಗೆ ನಮ್ಮ ಭಾಷೆ ಬರುತ್ತಿತ್ತು. ಇವಳನ್ನು "ಅಮ್ಮ" ಎಂದು ಕರೆದ, ಅಳುತ್ತಿದ್ದ. ದೇಹವನ್ನು ಇಲ್ಲಿಗೆ ತರಿಸಬಹುದು, ಆದರೆ ಸಂಬಂಧವನ್ನು ಸಾಬೀತುಪಡಿಸುವ ದಾಖಲೆಗಳು ಬೇಕು, ಪರಿಶೀಲನೆಗೆ ಸಮಯ ಹಿಡಿಯುತ್ತದೆ ಎಂದು ನಿಮ್ಮ ಕಚೇರಿಯವರು ಹೇಳಿದರು. ನಾನು ಓಡಾಡಲು ಸಿದ್ಧನಿದ್ದೆ. ಇವಳು ತಡೆದಳು. "ಬೇಡ ರೀ. ಅವನನ್ನ ಕ್ಯೂನಲ್ಲಿ ನಿಲ್ಲಿಸಬೇಡಿ." ಅಲ್ಲಿನ ಹಡಗುಕಟ್ಟೆಯವರೇ ಬಂದರಿನ ಹಿಂದಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ ನಡೆದಿಲ್ಲ. ನನಗೆ ದುಃಖವಾಗಿದೆ ಮಾನ್ಯರೇ, ಬಹಳ ದುಃಖವಾಗಿದೆ. ಅದನ್ನು ವ್ಯಂಗ್ಯದಲ್ಲಿ ಸುತ್ತಿ ಕೊಟ್ಟಿದ್ದೇನೆ, ಯಾಕೆಂದರೆ ಹಾಗೇ ಕೊಟ್ಟರೆ ನೀವು ಅದಕ್ಕೊಂದು ಸ್ವೀಕೃತಿ ಪತ್ರ ಕಳಿಸುತ್ತೀರಿ.

ಮೊನ್ನೆ ಟ್ರಾವೆಲ್ಸ್ ಹುಡುಗಿ ಮನೆಗೆ ಬಂದಿದ್ದಳು. ಇವಳ ಪಕ್ಕದಲ್ಲಿ ಕೂತು ಹೇಳಿದಳು, "ಆಂಟಿ, ಹಡಗು ಮತ್ತೆ ಹೊರಡುತ್ತೆ. ಒಂದ್ಸಲ ಹೋಗಿ ಆ ಜಾಗ ನೋಡ್ಕೊಂಡು ಬನ್ನಿ. ಈ ಸಲ ವೀಸಾ ತಂಟೆ ಇಲ್ಲ, ಗುಂಪು ಪಾಸಲ್ಲೇ ಇಳೀಬಹುದು. ಯಾಕಂದ್ರೆ ಈಗ..." ಅಷ್ಟಕ್ಕೆ ನಿಲ್ಲಿಸಿದಳು.

"ಈಗ ಅಲ್ಲಿ ನಂಗೆ ಯಾರೂ ಇಲ್ಲ ಅಂತಾನಾ?" ಎಂದಳು ಇವಳು. ಸಿಟ್ಟಿನಿಂದಲ್ಲ. ಹುಡುಗಿಯ ಕೈ ಹಿಡಿದುಕೊಂಡೇ ಹೇಳಿದಳು, "ಇದಾನಲ್ಲಮ್ಮ. ಅಲ್ಲೇ ಇದಾನೆ. ಇನ್ನೆಲ್ಲಿಗೆ ಹೋಗ್ತಾನೆ ಅವನು?"

ಹಾಗಾಗಿ ಮತ್ತೊಮ್ಮೆ ವೀಸಾ ಅರ್ಜಿ ಹಾಕಿದ್ದೇವೆ. ನನ್ನ ಹೆಂಡತಿ ನಂಬಲರ್ಹಳಲ್ಲ ಎಂದು ಬರೆದದ್ದನ್ನು ಮೊದಲು ಹೊಡೆದುಹಾಕಿ. ಹೊಡೆದುಹಾಕಿದ್ದೇವೆ ಎಂದು ಅವಳಿಗೆ ತಿಳಿಸಿ, ನನಗಲ್ಲ. ಆಮೇಲೆ ಒಂದು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತ್ರ, ಅವಳನ್ನು ಇಳಿಯಲು ಬಿಡಿ. ಅವಳು ಅಲ್ಲಿ ಉಳಿದುಬಿಡುತ್ತಾಳೆ ಎಂಬ ಭಯ ಬೇಡ, ಉಳಿಯಬೇಕಾದವನು ಉಳಿದಾಗಿದೆ. ‘ಸಂಬಂಧ’ ಎಂಬಲ್ಲಿ ಈ ಸಲ ಅವಳು ‘ಮಗ’ ಎಂದು ಬರೆದಿದ್ದಾಳೆ. ಕಿಟಕಿಗೆ ಕರೆದು ಕೇಳುವುದಿದ್ದರೆ ಕೇಳಿ, ಅವಳು ಹಿಮ್ಮಡಿ ಎತ್ತಿ ನಿಂತು ಹೇಳುತ್ತಾಳೆ. ಪರಸ್ಪರ ವಿರುದ್ಧ ಹೇಳಿಕೆ ಈ ಸಲ ಬರುವುದಿಲ್ಲ. ಇನ್ನೊಂದು ಹೇಳಿಕೆ ಕೊಡಬೇಕಾದವನು ಮಾತಾಡುವುದಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ಅರ್ಜಿದಾರಳಿಗೆ ಉಳಿದಿರುವ
ಒಬ್ಬನೇ ನಂಬಲರ್ಹ ಸಂಬಂಧಿ,
ಅವಳ ಗಂಡ